ಗಿರಿಜಾ ಹುಡುಕಿದ ಕನ್ನಡಕ

ಮೊನ್ನೆ ಹೊಂಗಡಹಳ್ಳದ ರಸ್ತೆಯಲ್ಲಿ ಆಟೋವೊಂದು ಪಂಚಾಯ್ತಿ ಚುನಾವಣೆ ಎಂದು ಕೂಗಿಕೊಂಡು ಹೋಯಿತು. ಅಕ್ಕಿ ಆರಿಸುತ್ತಿದ್ದ ನನ್ನ ಕೈ ತಾನಾಗಿ ಕನ್ನಡಕ ಮುಟ್ಟಿತು. ನನಗಿದೊಂದು ರೋಗ.

ನಾನು ಓದಿದ್ದು ಮೂರನೇ ಕ್ಲಾಸು. ಹೆಸರು ಬರೆಯಲು ಬರುತ್ತದೆ, ಅದಕ್ಕೆ ಕನ್ನಡಕ ಬೇಕಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಹೋದ ಸಲ ನಮ್ಮ ವಾರ್ಡು ಹೆಂಗಸರ ಮೀಸಲಿಗೆ ಬಂದಿತ್ತು. ಊರಿನ ಗಂಡಸರು ಶಾಲೆಯ ಜಗಲಿಯಲ್ಲಿ ಕೂತು, ಅಂಗಡಿಯವನ ಹೆಂಡತಿಯನ್ನು ಅವಿರೋಧವಾಗಿ ಆರಿಸುವುದೆಂದು ತೀರ್ಮಾನಿಸಿದರು. ಆಕೆಯನ್ನು ಕೇಳಿದ್ದು ಆಮೇಲೆ. ಆದರೆ ಎಸ್ಟೇಟಿನ ಕೂಲಿಯವರ ಲೈನುಮನೆಯ ಗಿರಿಜಾ ತಾನೂ ನಿಲ್ಲುತ್ತೇನೆ ಎಂದಳು. ಲೈನಿನವರು ಕುಡಿಯುವ ನೀರನ್ನು ಹಳ್ಳದಿಂದ ಹೊರಬೇಕು. ಅವಳಿಗೆ ಬೇಕಾದದ್ದು ಒಂದು ನಲ್ಲಿ. ನಾಮಪತ್ರಕ್ಕೆ ವಾರ್ಡಿನ ಒಬ್ಬರು ಸೂಚಕರಾಗಿ ಸಹಿ ಹಾಕಬೇಕು. ಲೈನಿನ ಉಳಿದವರು ಎಸ್ಟೇಟಿನ ಕೂಲಿ ಲೆಕ್ಕ ಬರೆಯುವ ರೈಟರ್‌ಗೆ ಹೆದರಿದರು. ಗಿರಿಜಾ ನಮ್ಮ ತೋಟದಲ್ಲೂ ವರ್ಷಗಟ್ಟಲೆ ಕಾಫಿ ಕೊಯ್ದವಳು. ನಾನು ಹಾಕುತ್ತೇನೆ ಎಂದೆ.

ಕೊನೆಯ ದಿನ ಬೆಳಿಗ್ಗೆ ಊರಿನ ಯಜಮಾನರು ಬಂದರು. ನಮ್ಮ ಮನೆಯ ಮದುವೆಗೂ ಸಾವಿಗೂ ಬರದವರು ಕೂತು ಕಾಫಿ ಕುಡಿದು, “ಊರೆಲ್ಲ ಒಂದಾಗೈತೆ, ನೀವು ಒಡೀಬ್ಯಾಡಿ ದೊಡ್ಡಮ್ಮ” ಎಂದರು. ಬೆದರಿಸಿದ್ದರೆ ಬೈದು ಕಳಿಸುತ್ತಿದ್ದೆ. ದೊಡ್ಡಮ್ಮ ಅಂದರಲ್ಲ, ಅಷ್ಟಕ್ಕೇ ಉಬ್ಬಿಹೋದೆ.

ಗಿರಿಜಾ ಫಾರಂ ಹಿಡಿದು ಬಂದಳು. ನಾನು ಕನ್ನಡಕವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಎಲ್ಲೋ ಕಳೆದಿದೆ, ಓದದೆ ಸಹಿ ಹಾಕಲಾರೆ ಎಂದೆ. ಪಂಡಿತೆ! ಅವಳು ಹುಡುಕತೊಡಗಿದಳು. ಮಂಚದಡಿ, ಒಲೆಯ ಹಿಂದೆ, ಕೊಟ್ಟಿಗೆಯಲ್ಲಿ. ಜೊತೆಗೆ ನಾನೂ ಹುಡುಕಿದೆ, ಥೂ. ಬಗ್ಗಿದಾಗಲೆಲ್ಲ ಅದರ ಕಡ್ಡಿ ಹೊಟ್ಟೆಗೆ ಚುಚ್ಚುತ್ತಿತ್ತು. ಒಂದು ಗಂಟೆಯ ಬಸ್ಸು ಹೋಯಿತು. ಮೂರಕ್ಕೆ ಪಂಚಾಯ್ತಿ ಆಫೀಸಿನಲ್ಲಿ ನಾಮಪತ್ರ ತೆಗೆದುಕೊಳ್ಳುವುದೂ ಮುಗಿಯಿತು.

“ಬುಡಿ ಅಮ್ಮ,” ಎಂದಳು. “ಕನ್ನಡಕ ಇಲ್ದೆ ಒಲೆ ಹತ್ರ ಹೋಗ್ಬ್ಯಾಡಿ, ಹುಷಾರು.”

ಅಂಗಡಿಯವನ ಹೆಂಡತಿ ಚುನಾವಣೆಯೇ ಇಲ್ಲದೆ ಗೆದ್ದಳು. ಲೈನಿಗೆ ನಲ್ಲಿ ಬರಲಿಲ್ಲ. ಗಿರಿಜಾ ನಮ್ಮ ಕೊಯ್ಲಿಗೆ ಬರುವುದನ್ನು ನಿಲ್ಲಿಸಿದಳು. ಯಾಕೆಂದು ನಾನು ಕೇಳಲಿಲ್ಲ.

ಮೊನ್ನೆ ಆಟೋ ಹೋದ ಮೇಲೆ ಅಕ್ಕಿಯ ಮೊರ ಅಲ್ಲೇ ಬಿಟ್ಟು ಲೈನಿಗೆ ಇಳಿದೆ. ಗಿರಿಜಾ ಕೊಡ ಹೊತ್ತು ಹಳ್ಳದಿಂದ ಬರುತ್ತಿದ್ದಳು. ಈ ಸಲ ಫಾರಂ ತಾ, ಸಹಿ ಹಾಕುತ್ತೇನೆ ಎಂದೆ. ಕೊಡ ಇಳಿಸದೆ ನನ್ನ ಮುಖ ನೋಡಿದಳು.

“ಸೊಂಟದಿಂದ ಮೂಗಿಗೆ ಬರಕ್ಕೆ ಐದು ವರ್ಷ ಬೇಕಾಯ್ತಾ ಅಮ್ಮ ಕನ್ನಡಕಕ್ಕೆ?”

“ಬೇಕಾಯ್ತು ಕಣವ್ವ,” ಎಂದೆ.

ಅವಳು ಫಾರಂ ತರುತ್ತೇನೆ ಎನ್ನಲಿಲ್ಲ, ತರುವುದಿಲ್ಲ ಎಂದೂ ಅನ್ನಲಿಲ್ಲ. ನಾಳೆ ನಾಮಪತ್ರಕ್ಕೆ ಕೊನೆಯ ದಿನ. ಅವಳು ಬರಲಿ ಬಿಡಲಿ, ಒಂದು ಗಂಟೆಯ ಬಸ್ಸಿಗೆ ಮೊದಲೇ ಹೋಗಿ ಲೈನಿನ ಬಾಗಿಲಲ್ಲಿ ಕೂರುತ್ತೇನೆ. ಕಾಯುವ ಸರದಿ ಈಗ ನನ್ನದು.