ಮದ್ದಿನ ಅಂಗಡಿಯಲ್ಲಿ ‘ಬರ್ತೇನೆ’

ಈಗ ನಮ್ಮ ಮೆಡಿಕಲ್ ಶಾಪಿನಲ್ಲೂ ಹೆಚ್ಚಿನವರು ಫೋನಿನಲ್ಲೇ ದುಡ್ಡು ಕೊಡುತ್ತಾರೆ. ಹಾಗಾಗಿ ಮೊನ್ನೆ ಹುಡುಗಿಯೊಬ್ಬಳು ಸೋಪಿಗೆಂದು ಚಾಚಿದ ನೋಟಿನ ವಾಸನೆಗೆ ನಾನು ಸಿದ್ಧಳಾಗಿರಲಿಲ್ಲ. ಒದ್ದೆ ಬೀಡಿ ಎಲೆ, ಹೊಗೆಸೊಪ್ಪು... ಮೂಗಿಗೆ ಬಡಿದದ್ದೇ ತಡ, ಕೌಂಟರಿನಾಚೆ ಬೀಡಿ ಅಮ್ಮ ನಿಂತ ಹಾಗಾಯಿತು.

ಫಳ್ನೀರಿನ ಈ ಅಂಗಡಿಗೆ ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರು ಪ್ರತಿ ತಿಂಗಳು ಬರುತ್ತಿದ್ದರು. ಬಂಟ್ವಾಳದಾಚೆಯ ಯಾವುದೋ ಹಳ್ಳಿ. ಎರಡು ಬಸ್ಸು ಹಿಡಿಯಬೇಕು. ಗಂಡನಿಗೆ ಹೃದಯದ ಕಾಯಿಲೆ, ಏಳೆಂಟು ಬಗೆಯ ಮಾತ್ರೆ. ಬೀಡಿ ಕಟ್ಟಿ ಕಟ್ಟಿ ಇವರಿಗೆ ಉಬ್ಬಸ; ಅದಕ್ಕೆ ಬಾಯಿಗಿಟ್ಟು ಎಳೆಯುವ ಪಂಪು. ಡಾಕ್ಟರು ಬರೆದ ಎರಡೂ ಚೀಟಿಗಳನ್ನು ಒಂದೇ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಮಡಚಿ ತರುತ್ತಿದ್ದರು.

ಅದಕ್ಕೆ ಮೊದಲು ನಾನಿದ್ದದ್ದು ಬಟ್ಟೆ ಅಂಗಡಿಯಲ್ಲಿ. ಅಲ್ಲಿಯ ಅಭ್ಯಾಸದಂತೆ ಮೊದಲ ದಿನ ಅವರಿಗೂ ನಗುತ್ತಾ “ಪುನಃ ಬನ್ನಿ” ಅಂದುಬಿಟ್ಟೆ.

“ಮದ್ದಿನ ಅಂಗಡಿಯಲ್ಲಿ ಹಾಗೆ ಹೇಳ್ಲಿಕ್ಕಿಲ್ಲ ಮಗಳೇ,” ಅಂದರು. “ನೀನು ಕರೆದ್ರೆ ನಾನು ಮಾತ್ರ ಬರುದಲ್ಲ, ಕಾಯಿಲೆಯೂ ಬರ್ತದೆ.”

ಆಮೇಲೆ ಅದು ನಮ್ಮಿಬ್ಬರ ಕಟ್ಟಳೆಯಾಯಿತು. ಹೊರಡುವಾಗ ಅವರು ‘ಬರ್ತೇನೆ’ ಅನ್ನುತ್ತಿರಲಿಲ್ಲ, ನಾನು ‘ಬನ್ನಿ’ ಅನ್ನುತ್ತಿರಲಿಲ್ಲ. ಬೇರೆ ಕಡೆ ಹಾಗೆ ಎದ್ದು ಹೋದರೆ ಜಗಳವಾಡಿ ಹೋದರು ಅಂದುಕೊಂಡಾರು. ಅವರು ತಲೆಯಾಡಿಸುತ್ತಿದ್ದರು, ನಾನೂ ಆಡಿಸುತ್ತಿದ್ದೆ, ಅಷ್ಟೇ. ಆ ತಲೆಯಾಟಕ್ಕೆ ನಾನು ತಿಂಗಳಿಡೀ ಕಾಯುತ್ತಿದ್ದೆ ಅಂದರೆ ಯಾರು ನಂಬುತ್ತಾರೆ? ತಾಯಿಯಿಲ್ಲದೆ ಬೆಳೆದವಳು ನಾನು. ‘ಮಗಳೇ’ ಎಂದು ಕರೆಯುವವರು ಆಗ ನನಗೆ ಬೇರೆ ಯಾರೂ ಇರಲಿಲ್ಲ.

ಸರಕಾರದ ಆರೋಗ್ಯ ಕಾರ್ಡು ಇಲ್ಲವಾ ಎಂದು ಒಮ್ಮೆ ಕೇಳಿದ್ದೆ. “ಉಂಟು. ಅದು ಆಸ್ಪತ್ರೆಯ ಮಂಚಕ್ಕೆ ಮಾತ್ರ ಮಾರಾಯ್ತಿ, ಮನೆಯ ಮಂಚಕ್ಕೆ ಇಲ್ಲ,” ಅಂದರು. ಗಂಡನ ಆಪರೇಷನ್ ಕಾರ್ಡಿನಲ್ಲೇ ಆಗಿತ್ತು. ಜೀವ ಇರುವವರೆಗೆ ನುಂಗಬೇಕಾದ ಮಾತ್ರೆಗಳು ಮಾತ್ರ ಇವರ ಹತ್ತು ಬೆರಳುಗಳ ಪಾಲಿಗೆ ಬಿದ್ದಿದ್ದವು. ಒಮ್ಮೆ ಬಂದಾಗ, ಹಾಲು ಕೊಡುವ ದನವನ್ನು ಮಾರಿದೆವೆಂದರು. ಇನ್ನೊಂದು ಸಲ ಬಂದಾಗ ಕಿವಿಯಲ್ಲಿ ಬೆಂಡೋಲೆ ಇರಲಿಲ್ಲ. ತೂತು ಮುಚ್ಚದಿರಲೆಂದು ಗುಡಿಸುವ ಹಿಡಿಸೂಡಿಯ ಕಡ್ಡಿ ಸಿಕ್ಕಿಸಿಕೊಂಡಿದ್ದರು.

ಕೊನೆಯ ಸಲ ಬಂದ ದಿನ ಮಾತ್ರೆಗಳನ್ನೆಲ್ಲ ಕಟ್ಟಿ ಪಂಪನ್ನೂ ಮುಂದಿಟ್ಟೆ. ಅವರು ಅದನ್ನು ಮೆಲ್ಲನೆ ನನ್ನತ್ತ ಸರಿಸಿದರು.

“ನಂದು ಬೇಡ. ಈಗ ನಂಗೆ ಆರಾಮ ಉಂಟು.”

ಅಂಗಡಿಯ ನಾಲ್ಕು ಮೆಟ್ಟಿಲು ಹತ್ತಿದ್ದಕ್ಕೇ ಅವರ ಎದೆ ಸುಯ್ಗುಡುವುದು ನನಗೆ ಕೇಳುತ್ತಿತ್ತು. ಆದರೂ ಹೌದೆಂದುಕೊಂಡೆ... ಹಿಂದೆ ಗಿರಾಕಿಗಳಿದ್ದರು. ಪಂಪನ್ನು ತಿರುಗಿ ಕಪಾಟಿನಲ್ಲಿಟ್ಟೆ. ಅವರು ತೊಟ್ಟೆ ಎತ್ತಿಕೊಂಡು, ತಲೆಯಾಡಿಸದೆ, “ಬರ್ತೇನೆ ಮಗಳೇ” ಅಂದರು.

ಕಟ್ಟಳೆ ಮುರಿದರಲ್ಲ ಎಂದು ನನಗೆ ಒಳಗೊಳಗೇ ಖುಷಿ. ಕಾಯಿಲೆಯ ಹೆದರಿಕೆಗಿಂತ ನನ್ನ ಮೇಲಿನ ಪ್ರೀತಿ ದೊಡ್ಡದಾಯಿತು ಅಂದುಕೊಂಡೆ. ಬುದ್ಧಿ ಎಲ್ಲಿಟ್ಟಿದ್ದೆನೋ. ನಮ್ಮಲ್ಲಿ ತಿರುಗಿ ಬಾರದ ಹಾಗೆ ಹೊರಟವರೂ ‘ಹೋಗ್ತೇನೆ’ ಅನ್ನುವುದಿಲ್ಲ.

ಎರಡು ತಿಂಗಳ ಮೇಲೆ ಅದೇ ತೊಟ್ಟೆ ಹಿಡಿದು ಬಂದವರು ಅವರ ಗಂಡ. ಒಳಗೆ ಚೀಟಿ ಒಂದೇ ಇತ್ತು. ಉಬ್ಬಸ ಜೋರಾಗಿ, ಆಸ್ಪತ್ರೆ ಮುಟ್ಟುವ ಮೊದಲೇ ಹೆಂಡತಿ ತೀರಿಕೊಂಡಳು ಎಂದರು. ಮಾತ್ರೆ ಕಟ್ಟುತ್ತಿದ್ದ ನನ್ನ ಕೈಯನ್ನೇ ನೋಡುತ್ತಾ ಕೇಳಿದರು.

“ಪಂಪು ಇನ್ನು ಬೇಡ ಅಂತ ಡಾಕ್ಟ್ರೇ ಹೇಳಿದ್ದಲ್ವಾ? ಅವಳು ಹಾಗೆ ಹೇಳಿದ್ಳು.”

ಹೂಂ ಅಂದೆ. ಅವರು ಮನೆಗೆ ಹೋಗಿ ಆ ಮಾತ್ರೆಗಳನ್ನು ನುಂಗಬೇಕಿತ್ತಲ್ಲ.

ಮೊನ್ನೆಯ ಹುಡುಗಿ ಸೋಪು ತೆಗೆದುಕೊಂಡು “ಬರ್ತೇನೆ ಅಕ್ಕ” ಎನ್ನುತ್ತಾ ಮೆಟ್ಟಿಲಿಳಿದಳು. ನೋಟು ಇನ್ನೂ ನನ್ನ ಕೈಯಲ್ಲೇ ಇತ್ತು.

“ನಿಲ್ಲು,” ಎಂದು ಕೂಗಿದೆ. “ಚೀಟಿಯಲ್ಲಿದ್ದದ್ದು ಪೂರಾ ತಕೊಂಡ್ಯಾ?”

ಅವಳು ತಿರುಗಿ ನಕ್ಕಳು. “ಎಂತ ಚೀಟಿ ಅಕ್ಕ? ನಾನು ತಕೊಂಡದ್ದು ಸೋಪು ಅಲ್ವಾ?”

ಹೌದು, ಸೋಪು. ಅಂದು ಕೇಳಬೇಕಾಗಿದ್ದ ಮಾತು ಇಷ್ಟು ವರ್ಷ ಕಳೆದು ಬಾಯಿಗೆ ಬಂತು, ಯಾರದೋ ಮಗಳ ಮುಂದೆ.