ಗುರೆಳ್ಳು ಚಟ್ನಿಯ ಮೇಲೆ ಹೊರಿಸಿದ ತಪ್ಪು

ಸ್ವಾತಂತ್ರ್ಯ ಬಂದು ಏಳೆಂಟು ವರ್ಷಗಳಾಗಿದ್ದವು. ತುಕ್ಕಾನಟ್ಟಿಯ ನಮ್ಮ ಮನೆಯಲ್ಲಿ ಅಪ್ಪ ಮತ್ತು ನಾನು, ಇಬ್ಬರೇ. ಅವ್ವ ತೀರಿಕೊಂಡಿದ್ದಳು, ನಾನು ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ್ದೆ. ಅಪ್ಪನಿಗೆ ವಿಪರೀತ ಮೊಣಕಾಲು ನೋವು. ಮೂಡಲಗಿಯ ಸಂತೆಯಿಂದ ನೋವಿನ ಪುಡಿಯ ಪೊಟ್ಟಣಗಳನ್ನು ನಾನೇ ತರುತ್ತಿದ್ದೆ. ಲಿಂಗಪೂಜೆ ಮುಗಿಯದೆ ಅಪ್ಪ ಒಂದು ತುತ್ತೂ ಮುಟ್ಟುವವನಲ್ಲ. ಆದರೆ ಪೂಜೆಗೆ ಕೂರಲು ಮೊಣಕಾಲು ಬಗ್ಗಬೇಕಲ್ಲ? ಔಷಧ ಊಟವಲ್ಲ ಎಂದು ತಾನೇ ತೀರ್ಪು ಕೊಟ್ಟುಕೊಂಡು, ಎದ್ದ ಕೂಡಲೇ ಎರಡು ಪುಡಿ ಕದಡಿ ಕುಡಿಯುತ್ತಿದ್ದ.

ಒಂದು ದಿನ ಬಯಲಕಡೆಗೆ ಹೋಗಿ ಬಂದವನು ಸಂಕೋಚದಿಂದಲೇ ಹೇಳಿದ: "ಯವ್ವಾ, ಗುರೆಳ್ಳು ಚಟ್ನಿ ಸ್ವಲ್ಪ ಕಡಿಮಿ ಮಾಡು. ಬಯಲಕಡಿ ಕರ್ರಗ ಆಗಾಕತ್ತೈತಿ."

ನನ್ನ ಕಪ್ಪನೆಯ ಗುರೆಳ್ಳು ಚಟ್ನಿಯನ್ನು ಓಣಿಯೇ ಹೊಗಳುತ್ತಿತ್ತು. ನನಗೋ ಮೂಗಿನ ತುದಿಯಲ್ಲಿ ಸಿಟ್ಟು. "ಕಡಿಮಿ ಯಾಕ, ಬಿಟ್ಟಬಿಡು!" ಎಂದು ಚಟ್ನಿಯ ಗಡಿಗೆಯನ್ನು ಅಟ್ಟಕ್ಕೇರಿಸಿದೆ. ಆಮೇಲೆ ರೊಟ್ಟಿ ಬಡಿಸುವಾಗಲೂ ಸರಿಯಾಗಿ ಮುಖ ಕೊಟ್ಟು ಮಾತಾಡಲಿಲ್ಲ. ಅಪ್ಪ ದಿನದಿನಕ್ಕೆ ಬಿಳಿಚಿಕೊಂಡ, ಹೊಲದ ದಾರಿಯಲ್ಲಿ ಎರಡು ಸಲ ಕೂತು ದಣಿವಾರಿಸಿಕೊಂಡನಂತೆ. ವಯಸ್ಸಾಯಿತು ಎಂದುಕೊಂಡೆ.

ಹದಿನೈದು ದಿನ ಕಳೆದಿರಬೇಕು. ಪೂಜೆಗೆ ಕೂತವನು ಹಾಗೇ ಬಾಗಿ ವಾಂತಿ ಮಾಡಿದ. ಮೊದಲು ಚಹಾದ ಚರಟದಂಥದ್ದು, ಹಿಂದೆಯೇ ಕೆಂಪು ರಕ್ತ. ಅಂಗೈಯ ಲಿಂಗಕ್ಕೆ ತಾಗದಂತೆ ಕೈ ಮೇಲೆತ್ತಿಯೇ ಇದ್ದ. ಬಾಜೂ ಮನೆಯವರ ಚಕ್ಕಡಿಯಲ್ಲಿ ಹುಲ್ಲು ಹಾಸಿ ಗೋಕಾಕಿನ ಆಸ್ಪತ್ರೆಗೆ ಕರೆದೊಯ್ದೆವು. ಮುಟ್ಟುವಾಗ ಮಧ್ಯಾಹ್ನ.

ಡಾಕ್ಟರು ನಾಡಿ ಹಿಡಿದು ನೋಡಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು. ಪುಡಿಯ ಸುದ್ದಿ ಕೇಳಿ ತಲೆ ಅಲ್ಲಾಡಿಸಿದರು. "ಖಾಲಿ ಹೊಟ್ಟ್ಯಾಗ ಅದು ಕರುಳು ಸುಡತೈತಿ. ಹುಣ್ಣು ಆಗಿ ಒಡದೈತಿ. ಮೊದಲ ಕರ್ರಗ ಸಂಡಾಸ ಆಗಿತ್ತೇನು?"

"ಅದು ಚಟ್ನಿದ್ರಿ. ನಾ ಅವತ್ತ ನಿಲ್ಲಿಸೇನ್ರಿ."

"ನಿಲ್ಲಿಸಿದ ಮ್ಯಾಲ ಸರಿ ಆತೇನು?"

ನಾನು ಕೇಳಿಯೇ ಇರಲಿಲ್ಲ. ಅಪ್ಪನ ಮುಖ ನೋಡಿದೆ.

"ಕರ್ರಗನ ಇತ್ತವಾ," ಎಂದ ಅಪ್ಪ. "ನೀ ಸಿಟ್ಟಾಗಿದ್ದಿ. ಮತ್ತ ಹೇಳಾಕ ಮನಸ್ಸಾಗಲಿಲ್ಲ."

ಆ ಕಪ್ಪು ಚಟ್ನಿಯದಲ್ಲ, ಹುಣ್ಣಿನಿಂದ ಒಳಗೇ ಸೋರಿದ ರಕ್ತ ಎಂದರು ಡಾಕ್ಟರು. ಕೊಡಲು ಅಲ್ಲಿ ರಕ್ತವಿರಲಿಲ್ಲ, ಬೆಳಗಾವಿಗೆ ಒಯ್ಯಬೇಕೆಂದರು. ಬಸ್ಸು ಬರುವ ಮೊದಲೇ ಅಪ್ಪ ಹೋಗಿಬಿಟ್ಟ. ಒಂದೇ ಒಂದು ದಿನ ನಾನು ನಕ್ಕು ಮಾತಾಡಿಸಿದ್ದರೂ ಅವನು ಹೇಳಿಬಿಡುತ್ತಿದ್ದ. ನಾನು ಮುನಿಸಿಕೊಂಡಿದ್ದ ಅಷ್ಟೂ ದಿನ ಅವನ ರಕ್ತ ಹೋಗುತ್ತಲೇ ಇತ್ತು.