ಪಿಳ್ಳಮ್ಮ ಕೈಯಾರೆ ಬರೆದ ರಾಜೀನಾಮೆ

ಜೋಗುಪಾಳ್ಯದ ಪಿಳ್ಳಮ್ಮನಿಗೆ ಗೊತ್ತಿಲ್ಲದ ವಿಷಯ ಈ ಭೂಮಿಯ ಮೇಲೆ ಇರಲಿಲ್ಲ. ಇದ್ದರೂ ಅದು ಅವಳಿಗೆ ಗೊತ್ತಿರಲಿಲ್ಲ. ರೇಷನ್ ಕಾರ್ಡಿಗೆ ಹೆಸರು ಸೇರಿಸುವುದು ಹೇಗೆ, ಟಿನ್ ಫ್ಯಾಕ್ಟರಿ ಸಿಗ್ನಲ್ಲಿನಲ್ಲಿ ಕೊಳೆಯದೆ ಮನೆ ಸೇರುವುದು ಹೇಗೆ, ನಾದಿನಿಯ ಬಾಯಿ ಮುಚ್ಚಿಸುವುದು ಹೇಗೆ, ಯಾವುದನ್ನು ಕೇಳಿದರೂ ಉತ್ತರ ನಾಲಗೆಯ ತುದಿಯಲ್ಲೇ ಇರುತ್ತಿತ್ತು. ಕೆ.ಆರ್. ಪುರದ ಹತ್ತಿರದ ಗಾರ್ಮೆಂಟ್ಸಿನಲ್ಲಿ ಅವಳದು ಹೊಲಿದು ಬಂದ ಅಂಗಿಗಳ ದಾರ ಕತ್ತರಿಸಿ, ತಪ್ಪು ಹುಡುಕುವ ಕೆಲಸ. ಅವಳ ಲೈನಿನಲ್ಲಿ, ಎಂದರೆ ಒಂದೇ ಸಾಲಿನಲ್ಲಿ, ಕೆಲಸ ಮಾಡುವ ಹೆಂಗಸರು ಸೂಪರ್‌ವೈಸರಿಗಿಂತ ಅವಳ ಮಾತನ್ನೇ ಹೆಚ್ಚು ಕೇಳುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಮನೆ ಬಾಡಿಗೆಯೂ ಮಗಳ ನರ್ಸಿಂಗ್ ಓದೂ ನಡೆಯುತ್ತಿದ್ದದ್ದು ಅದೇ ಸಂಬಳದಲ್ಲಿ.

ಆ ಫ್ಯಾಕ್ಟರಿಯಲ್ಲಿ ಒಂದು ರೂಢಿಯಿತ್ತು. ಮನೆಯಲ್ಲಿ ಮದುವೆಯೋ ನಾಮಕರಣವೋ ಬಂದರೆ ಹೆಂಗಸರು ರಾಜೀನಾಮೆ ಕೊಟ್ಟು ಪಿಎಫ್ ಬಿಡಿಸಿಕೊಳ್ಳುತ್ತಿದ್ದರು; ಕೆಲವು ತಿಂಗಳು ಕಳೆದು ಅದೇ ಗೇಟಿನಲ್ಲಿ ಹೊಸಬರಂತೆ ಒಳಗೆ ಬರುತ್ತಿದ್ದರು. ಹಳೆಯ ಸರ್ವೀಸು ಅಳಿಸಿಹೋಗಿ ಗ್ರಾಚ್ಯುಟಿ ಕೊಡುವುದು ತಪ್ಪುತ್ತಿದ್ದುದರಿಂದ ಕಂಪನಿಗೂ ಇದು ಹಿತವಾಗೇ ಇತ್ತು. ಹಾಗಾಗಿ ರಾಜೀನಾಮೆ ಎಂದರೆ ಅವರ ಮಟ್ಟಿಗೆ ಕೆಲಸ ಬಿಡುವ ಕಾಗದವಲ್ಲ, ಪಿಎಫ್ ಬರುವ ದಾರಿ.

ಆರ್ಡರ್ ಇಲ್ಲವೆಂದು ಪಿಳ್ಳಮ್ಮನ ಲೈನನ್ನೇ ಮುಚ್ಚಿದ ದಿನ ಎಚ್‌ಆರ್ ಭೀಮೇಶ್ ಅಚ್ಚು ಹಾಕಿಸಿದ ರಾಜೀನಾಮೆಗಳ ಕಟ್ಟನ್ನೇ ತಂದ. ಸಹಿ ಹಾಕಿಬಿಟ್ಟರೆ ಪಿಎಫ್ ಬೇಗ ಕೈಸೇರುತ್ತದೆ ಎಂದ. ಯಾದಗಿರಿ ಕಡೆಯಿಂದ ಬಂದು ಕಗ್ಗದಾಸಪುರದ ಒಂದೇ ರೂಮಿನಲ್ಲಿ ಸಂಸಾರ ಹೂಡಿದ್ದ ಜಯಮಾಲಾ ಪೆನ್ನು ಹಿಡಿದುಕೊಂಡು ಪಿಳ್ಳಮ್ಮನ ಮುಖ ನೋಡಿದಳು. ಹಾಕು, ಹಾಕು ಎಂದಳು ಪಿಳ್ಳಮ್ಮ. ಲೈನಿಗೆ ಲೈನೇ ಸಹಿ ಹಾಕಿತು. ಅಚ್ಚಿನ ಹಾಳೆ ನಮ್ಮ ಪಿಳ್ಳಮ್ಮನ ಅಂತಸ್ತಿಗೆ ಸಾಲಲಿಲ್ಲ. ಬಿಳಿ ಹಾಳೆ ಇಸಿದುಕೊಂಡು, ಮನೆಯ ಕಾರಣಕ್ಕಾಗಿ ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ ಎಂದು ಮುತ್ತು ಪೋಣಿಸಿದಂತೆ ಬರೆದು, ಸಹಿಯ ಕೆಳಗೆ ಗೆರೆ ಎಳೆದು ಕೊಟ್ಟಳು.

ಮುಂದಿನ ವಾರ ಬಿಪಿ ಮಾತ್ರೆಗೆಂದು ಇಎಸ್‌ಐ ಆಸ್ಪತ್ರೆಯ ಸಾಲಿನಲ್ಲಿ ನಿಂತಿದ್ದಾಗ, ಮುಂದೆ ನಿಂತಿದ್ದ ಚಾಂದ್ ಪಾಷಾ ಎಂಬ ವೆಲ್ಡರ್ ಮಾತಿಗೆ ಮಾತು ಬಂದು ತನ್ನ ಕತೆ ಹೇಳಿದ. ಅವನ ಕಂಪನಿಯೂ ಮುಚ್ಚಿತ್ತು. ಸಂಬಳದಲ್ಲಿ ಹಿಡಿಯುವ ಇಎಸ್‌ಐ ಬರೀ ಮಾತ್ರೆಗಲ್ಲವಂತೆ. ಕೆಲಸ ಹೋದವರಿಗೆ ಮೂರು ತಿಂಗಳವರೆಗೆ ಅರ್ಧ ಕೂಲಿಯೂ ಬರುತ್ತದಂತೆ, ಜೀವಮಾನದಲ್ಲಿ ಒಂದೇ ಸಲ. ತನಗೆ ಗೊತ್ತಿಲ್ಲದ್ದು ಈ ವೆಲ್ಡರಿಗೆ ಗೊತ್ತಿದೆಯಲ್ಲ ಎಂದು ಪಿಳ್ಳಮ್ಮನಿಗೆ ಮೈಯೆಲ್ಲ ಉರಿಯಿತು. ಅಲ್ಲಿಂದ ನೆಟ್ಟಗೆ ಇಎಸ್‌ಐ ಶಾಖಾ ಕಚೇರಿಗೆ ಹೋದಳು.

ಕೌಂಟರಿನಲ್ಲಿದ್ದ ಬೃಂದಾ ಎಂಬಾಕೆ ಕೆಲಸ ಹೇಗೆ ಹೋಯಿತೆಂದು ಕೇಳಿದರು. ತಾನೇ ರಾಜೀನಾಮೆ ಬರೆದುಕೊಟ್ಟೆ ಎಂದು ಪಿಳ್ಳಮ್ಮ ಎದೆಯುಬ್ಬಿಸಿ ಹೇಳಿದಳು.

“ತಾವಾಗೇ ಬಿಟ್ಟೋರಿಗೆ ಇದು ಬರಲ್ಲಮ್ಮ. ಕಂಪನಿಯೋರು ತೆಗೆದೋರಿಗೆ ಮಾತ್ರ.”

ಲೈನು ಮುಚ್ಚಿ ಅವರೇ ಎಲ್ಲರ ಸಹಿ ಹಾಕಿಸಿಕೊಂಡರು ಎಂದಳು ಪಿಳ್ಳಮ್ಮ. ಬೃಂದಾ ನಿಧಾನವಾಗಿ ಬಿಡಿಸಿ ಹೇಳಿದರು: ಕೆಲಸ ಹೋದದ್ದು ಯಾಕೆಂದು ಕಂಪನಿ ದಾಖಲಿಸಬೇಕು, ಅರ್ಜಿ ಬಂದಾಗ ಅದನ್ನು ನೋಡುತ್ತಾರೆ. ಲೈನು ಮುಚ್ಚಿ ಸಹಿ ಹಾಕಿಸಿಕೊಂಡಿದ್ದರೆ ಕಂಪನಿಯಿಂದಲೇ ತಿದ್ದಿಸಬೇಕು, ಒಪ್ಪದಿದ್ದರೆ ದೂರು ಕೊಡಬೇಕು, ವಿಚಾರಣೆ ನಡೆಯುತ್ತದೆ.

ಹೊರಗೆ ಬಂದ ಪಿಳ್ಳಮ್ಮನಿಗೆ ನಾಚಿಕೆಯಾಯಿತು. ತನ್ನ ಹಣ ಹೋದದ್ದಕ್ಕಿಂತ, ಆ ‘ಹಾಕು, ಹಾಕು’ ಎಂದ ಮಾತು ಹೆಚ್ಚು ಚುಚ್ಚಿತು. ಆದರೆ ತಲೆಯ ಮೇಲೆ ಕೈಹೊತ್ತು ಕೂರುವ ಜಾಯಮಾನ ಅವಳದಲ್ಲ. ಬಸ್ ಸ್ಟಾಪಿನಲ್ಲಿ ನಿಂತೇ ಒಬ್ಬೊಬ್ಬರಿಗೂ ಫೋನು ಮಾಡಿ, ನಾಳೆ ಬೆಳಿಗ್ಗೆ ಎಲ್ಲರೂ ಫ್ಯಾಕ್ಟರಿ ಗೇಟಿನ ಹತ್ತಿರ ಬರಬೇಕೆಂದು ಅಪ್ಪಣೆ ಮಾಡಿದಳು.

ಬೆಳಿಗ್ಗೆ ಗೇಟಿನ ಮುಂದೆ ಇಡೀ ಲೈನು ನಿಂತದ್ದನ್ನು ಕಂಡು ಭೀಮೇಶ್ ಪಿಳ್ಳಮ್ಮನೊಬ್ಬಳನ್ನೇ ಒಳಗೆ ಕರೆಸಿದ. ಅವಳು ಕೂರಲಿಲ್ಲ. ಒಂದೇ ದಿನ ಇಷ್ಟೂ ಜನಕ್ಕೆ ಮನೆಯ ಕಾರಣ ಹೇಗೆ ಬಂತು, ಇಷ್ಟೂ ಜನ ಒಂದೇ ಒಕ್ಕಣೆಯಲ್ಲಿ ಹೇಗೆ ಬರೆದರು ಎಂದು ಇಎಸ್‌ಐನವರು ಕೇಳಿದರೆ ಏನು ಹೇಳುತ್ತೀರಿ ಎಂದಳು. ಭೀಮೇಶ್ ಕಟ್ಟಿನೊಳಗಿಂದ ಅವಳ ಕೈಬರಹದ ಹಾಳೆ ತೆಗೆದು ಮೇಜಿನ ಮೇಲಿಟ್ಟ. ಕೇಳಿದವರಿಗೆ ಇದನ್ನೇ ತೋರಿಸುತ್ತೇನೆ, ಯಾರೂ ಬಲವಂತ ಮಾಡಿಲ್ಲವೆಂದು ಇದೇ ಹೇಳುತ್ತದೆ ಎಂದ. ಆಮೇಲೆ ದನಿ ತಗ್ಗಿಸಿದ.

“ನಿಮ್ದು ವಾಪಸ್ ತಗೊಂಡ್ಬಿಡಿ ಪಿಳ್ಳಮ್ಮನೋರೆ. ಕೆಲಸ ಇಲ್ದೆ ತೆಗೆದ್ವಿ ಅಂತ ಹಾಕ್ತೀನಿ, ನಿಮಗೆ ದುಡ್ಡು ಬರುತ್ತೆ. ಮಿಕ್ಕೋರ್ ವಿಷಯ ಎತ್ಬೇಡಿ.”

ಹಾಳೆ ಕೈಗೆಟುಕುವಷ್ಟು ಹತ್ತಿರವಿತ್ತು. ಮಗಳ ಫೀಸು ಕಣ್ಣ ಮುಂದೆ ಬಂತು. ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೈ ಮೇಜಿನವರೆಗೂ ಹೋಯಿತು. ಆದರೆ ತಾನೇ ಹೇಳಿದ್ದ ‘ಹಾಕು, ಹಾಕು’ ಮತ್ತೆ ಕಿವಿಯಲ್ಲಿ ಕೇಳಿತು; ಆ ಕೈಯಲ್ಲೇ ಅವಳು ಹಾಳೆಯನ್ನು ಭೀಮೇಶನ ಕಡೆಗೆ ತಳ್ಳಿದಳು.

“ಇದು ನೀವೇ ಇಟ್ಕೊಳ್ಳಿ ಸಾರ್. ತಾನಾಗೇ ಬಿಟ್ಟೋಳು ಪಿಳ್ಳಮ್ಮ ಒಬ್ಬಳೇ ಅಂತ ಬರ್ಕೊಳ್ಳಿ. ಮಿಕ್ಕೋರ್ನೆಲ್ಲ ನೀವು ತೆಗೆದಿದ್ದೀರಿ. ಹಂಗಂತ ಇವತ್ತೇ ಹಾಕ್ಬೇಕು. ಇಲ್ಲಾಂದ್ರೆ ಇಲ್ಲಿಂದ ಸೀದಾ ದೂರು ಕೊಡೋಕೆ ಹೋಗ್ತೀವಿ.”

ಭೀಮೇಶ್ ಕಿಟಕಿಯಿಂದ ಗೇಟಿನ ಕಡೆ ನೋಡಿದ. ಮಾಲೀಕರಿಗೆ ಫೋನು ಮಾಡಿ, ಬಹಳ ಹೊತ್ತು ಹೂಂಗುಟ್ಟಿದ. ಕೊನೆಗೆ ಅಚ್ಚಿನ ಹಾಳೆಗಳ ಕಟ್ಟನ್ನು ಅವಳ ಮುಂದೆಯೇ ಹರಿದು, ಕಾರಣ ತಿದ್ದಲು ಕಂಪ್ಯೂಟರಿನ ಮುಂದೆ ಕೂತ.

ಗೇಟಿನಿಂದ ಹೊರಬಂದು ಆದದ್ದನ್ನು ಹೇಳಿದಾಗ ಹೆಂಗಸರೆಲ್ಲ ಒಟ್ಟಿಗೇ ಮಾತಾಡತೊಡಗಿದರು. ಜಯಮಾಲಾ ಮಾತ್ರ ಹತ್ತಿರ ಬಂದು ಕೈ ಹಿಡಿದುಕೊಂಡಳು.

“ಅಕ್ಕಾ, ನಿಮ್ದೇನಾತ್ರೀ?”

ಪಿಳ್ಳಮ್ಮ ಕೈ ಬಿಡಿಸಿಕೊಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ನಂದು ನಾನ್ ನೋಡ್ಕೋತೀನಿ. ನಡೀರಿ, ನಿಮ್ ಅರ್ಜಿಗಳೆಲ್ಲ ಇವತ್ತೇ ಹೋಗ್ಬೇಕು.”

ಎಲ್ಲರಿಗಿಂತ ಮುಂದೆ ಅವಳೇ ಬಸ್ಸು ಹತ್ತಿದಳು.